ಯಾರ ಕೈಯ ಬಳೆ

ವಿಶಾಖಾ ಎಲ್ಲರನ್ನೂ ಅನುಮಾನದಿಂದಲೇ ನೋಡುವ ಹುಡುಗಿ. ಹಾಲಿನವನು ನೀರು ಬೆರೆಸುತ್ತಾನೆ, ಆಟೋದವನು ಬೇಕೆಂದೇ ಸುತ್ತು ಹಾಕುತ್ತಾನೆ, ಫೋನಿನಲ್ಲಿ ಸಿಹಿಯಾಗಿ ಮಾತಾಡುವವರೆಲ್ಲ ಕೊನೆಗೆ ಓಟಿಪಿ ಕೇಳುವವರೇ. ಇಂಥವಳ ಬಾಗಿಲಿಗೆ ಪ್ರತಿ ಗುರುವಾರ ಸಂಜೆ ಒಬ್ಬ ಗಂಡಸು ಕಾಗದದ ಪೊಟ್ಟಣ ಹಿಡಿದು ಬಂದು ನಿಂತರೆ ಸುಮ್ಮನೆ ಬಿಡುತ್ತಾಳೆಯೇ?

"ಏನ್ ತಂದೀರಿ?"

"ಒಡದ ಬಳಿರೀ. ಮಾನ್ವ್ಯಾಗ ಅಲ್ಲಾಬಕ್ಷ್ ಅವರ ಅಂಗಡ್ಯಾಗ ಬಿದ್ದಿದ್ವು. ಒಗ್ಯಾಕತ್ತಿದ್ರು, ಇಸ್ಕೊಂಡು ಬಂದೆ."

"ಬಾಳ ಒಡೀತಾವಲ್ಲ ಆ ಅಂಗಡ್ಯಾಗ?"

"ಹೂಂರೀ. ಗಾಜು ನೋಡ್ರಿ, ಒಡೀತಾವ."

ಅಷ್ಟು ಹೇಳಿ ಅವನು ತನ್ನ ಚಪ್ಪಲಿ ನೋಡಿಕೊಂಡ. ಕಣ್ಣು ತಪ್ಪಿಸುವವರ ಹತ್ತಿರ ಏನೋ ಗುಟ್ಟು ಇದ್ದೇ ಇರುತ್ತದೆ ಎಂದುಕೊಂಡಳು ವಿಶಾಖಾ. ಆದರೂ ಆ ಕಣ್ಣು ಮತ್ತೊಮ್ಮೆ ಮೇಲೇಳಲಿ ಎಂದು ಕಾದಳು. ಎದ್ದಿತು. ಅವಳ ಮೂಗುಬೊಟ್ಟಿನ ಮೇಲೆ ಅರೆಗಳಿಗೆ ನಿಂತು ಮತ್ತೆ ಚಪ್ಪಲಿಗೇ ಇಳಿಯಿತು. ಅವಳಿಗೆ ಸಿಟ್ಟು ಬಂತು, ಅವನ ಮೇಲೆ ಅಲ್ಲ, ಕಾದು ನಿಂತ ತನ್ನ ಮೇಲೆ.

ಅವನ ಹೆಸರು ಯಲ್ಲಾಲಿಂಗ, ಊರು ಗಬ್ಬೂರು. ಸ್ವಂತ ಟಾಟಾ ಏಸ್ ಇಟ್ಟುಕೊಂಡು ರಾಯಚೂರಿನ ಹೋಲ್‌ಸೇಲ್ ಅಂಗಡಿಗಳಿಂದ ಬಿಸ್ಕೀಟು, ಅಗರಬತ್ತಿ ತುಂಬಿಕೊಂಡು ಬುಧವಾರ ದೇವದುರ್ಗ, ಗುರುವಾರ ಮಾನ್ವಿ ಎಂದು ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದ. ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ವಿಶಾಖಾ ಟೇಬಲ್ ಇಟ್ಟು ಒಡವೆ ಮಾರುವಾಗ ಅಕ್ಕನ ಮಗಳಿಗೆಂದು ಒಂದು ಜೊತೆ ಓಲೆ ಕೊಂಡವನು, ಮರುವಾರ ಫಳಫಳ ಹೊಳೆಯುವ ಹೊಸ ಮಣಿಗಳ ಡಬ್ಬಿ ತಂದು ಅವಳ ಮುಂದೆ ಇಟ್ಟಿದ್ದ. "ನಿಮ್ಮ ಕೆಲಸಕ್ಕ ಆಗ್ತಾವೇನೋ ಅಂತ..."

ವಿಶಾಖಾ ಡಬ್ಬಿಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ್ದಳು. "ಹೊಸಾದು ನಾನು ಮುಟ್ಟಂಗಿಲ್ರೀ. ಒಡದದ್ದು, ಹರದದ್ದು, ಮಂದಿ ಒಗದದ್ದು ಇದ್ರ ತರ್ರಿ. ಅದು ಯಾರು ತಂದ್ರೂ ಇಸ್ಕೋತೀನಿ."

ಅದು ಅವಳ ಪಟ್ಟು. ಖಾಲಿ ಮಾತ್ರೆಪಟ್ಟಿಯ ಬೆಳ್ಳಿ ಹಾಳೆಯಿಂದ ಮೂಗುತಿಯ ಹೂವು, ಅಕ್ಕಿ ಚೀಲದ ದಾರದಿಂದ ಕುಚ್ಚು, ಕೆಟ್ಟ ಜಿಪ್ಪಿನಿಂದ ಪದಕ, ಹರಿದ ಸೀರೆಯ ಅಂಚಿನಿಂದ ಪಟ್ಟಿ, ಹಳೆ ಲಗ್ನಪತ್ರಿಕೆ ಸೀಳಿ ಸುತ್ತಿದರೆ ಮಣಿ. ಅವಳು ಮಾಡಿದ ಮೊದಲ ಮಣಿಸರವೇ ಲಗ್ನಪತ್ರಿಕೆಯದು. ಯಾರದೋ ಅಲ್ಲ, ತನ್ನದೇ. ಮದುವೆಗೆ ಇನ್ನೊಂದು ವಾರ ಇದೆ ಎನ್ನುವಾಗ ಗೊತ್ತಾಗಿತ್ತು, ಪುಣೆಯಲ್ಲಿ ಕೆಲಸ ಮಾಡುವ ಆ ವರನಿಗೆ ಅಲ್ಲೇ ಒಬ್ಬಳು ಹೆಂಡತಿ ಇದ್ದಾಳೆಂದು. ಅಚ್ಚಾದ ಪತ್ರಿಕೆಗಳ ಕಟ್ಟನ್ನು ತಾಯಿ ಯಮನಮ್ಮ ಒಲೆಗೆ ಹಾಕಲು ಹೊರಟಾಗ ವಿಶಾಖಾ ಕಸಿದುಕೊಂಡು ಕತ್ತರಿ ಹಿಡಿದಿದ್ದಳು. ಸರ ಮಾರಿದ ದಿನ ಹೊಟ್ಟೆ ತುಂಬ ಉಂಡು ಮಲಗಿದಳು. ಅಲ್ಲಿಂದ ಗಂಡಸರ ಮಾತು ನಂಬುವುದನ್ನು ಬಿಟ್ಟಳು.

ಬಿಟ್ಟೆ ಎಂದುಕೊಂಡಿದ್ದಳು, ಅಷ್ಟೇ. ಗುರುವಾರ ಸಂಜೆಯಾಗುತ್ತಿದ್ದಂತೆ ಮುಖ ತೊಳೆದು ಪೌಡರ್ ಹಚ್ಚಿಕೊಳ್ಳುವುದು ಯಾಕೆ ಎಂದು ತಾಯಿ ಕೇಳಿದರೆ "ಸೆಕಿ ಬೇ" ಎನ್ನುತ್ತಿದ್ದಳು. ರಾಯಚೂರಿನಲ್ಲಿ ಸೆಕೆಗೇನು ಬರ, ಯಮನಮ್ಮ ಒಪ್ಪಿಕೊಳ್ಳುತ್ತಿದ್ದಳು.

ಅನುಮಾನ ಗಟ್ಟಿಯಾದದ್ದು ಬಳೆ ಚೂರು ವಿಂಗಡಿಸುವಾಗ. ಬಳೆ ಚೂರನ್ನು ಮೇಣದಬತ್ತಿಯ ಉರಿಗೆ ಹಿಡಿದರೆ ಗಾಜು ಮೆತ್ತಗಾಗುತ್ತದೆ. ಎರಡು ತುದಿ ಕೂಡಿಸಿದರೆ ಪುಟ್ಟ ಉಂಗುರ, ಉಂಗುರಕ್ಕೆ ಉಂಗುರ ಕೊಕ್ಕೆ ಹಾಕಿದರೆ ಗಲಗಲ ಎನ್ನುವ ಸರ. ಉಂಗುರಗಳು ಒಂದೇ ಸಮ ಬರಬೇಕೆಂದರೆ ಒಂದೇ ಬಾಗಿನ ಚೂರುಗಳನ್ನು ಮೊದಲೇ ಆರಿಸಿಡಬೇಕು. ಯಲ್ಲಾಲಿಂಗ ತಂದದ್ದರಲ್ಲಿ ಆರಿಸುವ ಕೆಲಸವೇ ಇರಲಿಲ್ಲ. ಎಲ್ಲವೂ ಒಂದೇ ಬಾಗು.

ಅವಳು ಚೂರುಗಳನ್ನು ನೆಲದ ಮೇಲೆ ಜೋಡಿಸಿ ಪೂರ್ತಿ ಬಳೆ ಮಾಡಿ ನೋಡಿದಳು. ಟೂ ಫೋರ್ ಸೈಜು. ಸಣ್ಣ ಕೈ, ಮೃದುವಾದ ಕೈ. ಇನ್ನೊಂದು ಜೋಡಿಸಿದಳು, ಅದೂ ಟೂ ಫೋರ್. ಅಂಗಡಿಯಲ್ಲಿ ಒಡೆದವಾದರೆ ಮಗುವಿನ ಕೈಯವು, ಮುದುಕಿಯ ಕೈಯವು ಎಲ್ಲ ಬೆರೆತಿರಬೇಕಿತ್ತು. ಇವು ಯಾರೋ ಒಬ್ಬಳವೇ. ಒಬ್ಬ ಹೆಣ್ಣುಮಗಳ ಬಳೆ ವಾರ ವಾರ ಒಡೆಯುತ್ತವೆ, ಆ ಚೂರನ್ನು ಒಬ್ಬ ಗಂಡಸು ಆರಿಸಿ ತರುತ್ತಾನೆ. ಎಲ್ಲಿಂದ? ಯಾವ ಮನೆಯಿಂದ?

ಅದೇ ವಾರ ಯಮನಮ್ಮ ಸೊಪ್ಪು ಸೋಸುತ್ತ ಸುದ್ದಿ ಹೇಳಿದಳು. "ಆಯ್ತವಾರ ಯಲ್ಲಾಲಿಂಗನ ಅಕ್ಕ ಬರ್ತಾಳಂತ. ನಿನ್ನ ಕೇಳಾಕ."

ವಿಶಾಖಾಳ ಕೈಯಲ್ಲಿದ್ದ ಕತ್ತರಿ ನಿಂತಿತು. "ನೀ ಏನಂದಿ?"

"ಬರ್ರಿ ಅಂದೆ. ಏನನ್ನಬೇಕಿತ್ತು? ಚಲೋ ಹುಡುಗ. ನೀನೂ ಒಲ್ಲೆ ಅನ್ನಂಗಿಲ್ಲಂತ ನನಗ ಗೊತ್ತದ."

"ಆ ಪುಣೆದವನೂ ಚಲೋ ಹುಡುಗನ ಇದ್ದ."

ಯಮನಮ್ಮ ಸೊಪ್ಪು ಕೆಳಗಿಟ್ಟಳು. "ಒಬ್ಬ ಮೋಸ ಮಾಡಿದ್ರ ಎಲ್ಲಾರ್ನೂ ಕಟಕಟಿಯೊಳಗ ನಿಂದ್ರಸ್ತೀಯೇನು? ಹಿಂಗ ಆದ್ರ ನಿನ್ನ ಬಾಗ್ಲಿಗಿ ಯಾರೂ ಬರಂಗಿಲ್ಲ, ಯವ್ವಾ. ಇನ್ನೊಂದು ಸಲ ಬರ್ರಿ ಅಂತ ನಾನೂ ಯಾರ್ನೂ ಕರಿಯಂಗಿಲ್ಲ."

ವಿಶಾಖಾಳಿಗೆ ತಾಯಿಯ ಸಿಟ್ಟಿಗಿಂತ ತನ್ನ ಮನಸ್ಸಿನ ಭಯವೇ ದೊಡ್ಡದಾಗಿತ್ತು. ಯಲ್ಲಾಲಿಂಗ ಬೇಕು, ಅದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಮತ್ತೊಮ್ಮೆ ಪತ್ರಿಕೆ ಅಚ್ಚಾಗಿ, ಮತ್ತೊಮ್ಮೆ ಓಣಿಯವರೆಲ್ಲ ಬಾಗಿಲಲ್ಲಿ ನಿಂತು "ಪಾಪ" ಎಂದರೆ? ಆ ಪಾಪವನ್ನು ಇನ್ನೊಮ್ಮೆ ಕೇಳುವ ಶಕ್ತಿ ಅವಳಿಗಿರಲಿಲ್ಲ.

ಗುರುವಾರ ಮಾನ್ವಿಯಲ್ಲಿ ಮಹಿಳಾ ಸಂಘದವರಿಗೆ ಕಾಗದದ ಮಣಿ ಮಾಡುವುದನ್ನು ಕಲಿಸಬೇಕಿತ್ತು. ಹತ್ತಿರದ ಚೀಕಲಪರ್ವಿಯಿಂದ ಬಂದ ಹೆಂಗಸರು ಬಲು ಚುರುಕು. ಒಬ್ಬಳಂತೂ ಗಂಡನ ಹಳೇ ಚುನಾವಣೆ ಪಾಂಪ್ಲೆಟ್ಟನ್ನೆಲ್ಲ ಸುತ್ತಿ ಮಣಿ ಮಾಡಿ, "ಈಗರ ಕೆಲಸಕ್ಕ ಬಂದ್ವು" ಎಂದು ನಗಿಸಿದಳು. ಎಲ್ಲರೂ ನಕ್ಕರು, ವಿಶಾಖಾ ಗಡಿಯಾರ ನೋಡಿದಳು. ಕೆಲಸ ಮುಗಿಯುತ್ತಲೇ ನೇರ ಅಲ್ಲಾಬಕ್ಷ್ ಬಳೆ ಅಂಗಡಿಗೆ ನಡೆದಳು.

ಅಲ್ಲಾಬಕ್ಷ್ ಬಿಳಿ ಗಡ್ಡದ ಮುದುಕ. ಅವಳು ಒಡೆದ ಬಳೆಯ ಮಾತೆತ್ತಿದಾಗ ಕನ್ನಡಕದ ಮೇಲಿಂದ ನೋಡಿದ.

"ಒಡದವು ನಾ ಯಾಕ ಕೊಡ್ಲಿ ತಾಯಿ? ನನ್ನ ಕೈಯಾಗ ಅಷ್ಟು ಬಳಿ ಒಡದ್ರ ಅಂಗಡಿ ಮುಚ್ಚಬೇಕು."

"ಗಬ್ಬೂರಿನವ್ರು, ಟಾಟಾ ಏಸ್ ಓಡಸ್ತಾರ..."

"ಓ, ಅವನಾ? ಪಕ್ಕಾ ಗಿರಾಕಿ! ವಾರಾ ವಾರಾ ಒಂದು ಡಜನ್ ಒಯ್ತಾನ. ಟೂ ಫೋರ್, ಹಸರು. ಇವತ್ತೂ ಮುಂಜಾನಿ ಒಯ್ದ. ಮನ್ಯಾಕಿಗೇನಪಾ ಅಂತ ಕೇಳ್ದೆ. ನಾಚ್ಕೊಂಡು ನಕ್ಕ. ಆಕಿ ನಸೀಬದಾಕಿ ಬಿಡು."

ವಿಶಾಖಾ "ಹೌದ್ರೀ" ಎಂದಳು. ಬಸ್ ಸ್ಟ್ಯಾಂಡಿನ ಕಡೆ ತಿರುಗಿದಳು.

ರಾಯಚೂರು ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಕೂತು ಆ ಸಣ್ಣ ಕೈಯವಳನ್ನು ಕಲ್ಪಿಸಿಕೊಂಡಳು. ಬೆಳ್ಳಗಿರಬೇಕು. ನಗುಮುಖ ಇರಬೇಕು. ಹಸಿರು ಬಳೆ ಇಟ್ಟುಕೊಂಡು ಒಂದೆರಡು ದಿನದಲ್ಲಿ ಒಡೆದುಕೊಂಡು, ಮತ್ತೆ ತಾ ಎಂದು ಗಂಡನನ್ನು ಪೀಡಿಸುವವಳಿರಬೇಕು. ಅವಳು ಒಡೆದದ್ದನ್ನು ತಂದು ಇವಳಿಗೆ ಕೊಟ್ಟಿದ್ದಾನೆ. ಇವಳು ಅದರಲ್ಲೇ ಸರ ಮಾಡಿದ್ದಾಳೆ. ಥೂ! ಬೈಯಬೇಕೆಂದು ಎಷ್ಟೋ ಮಾತು ಜೋಡಿಸಿಕೊಂಡಳು, ನಡುನಡುವೆ ಕಣ್ಣೊರೆಸಿಕೊಂಡಳು.

ಸಂಜೆ ಟಾಟಾ ಏಸ್ ಓಣಿಯೊಳಗೆ ತಿರುಗಿದಾಗ ಅವಳು ಆಗಲೇ ರಸ್ತೆಯಲ್ಲಿ ನಿಂತಿದ್ದಳು. ಯಲ್ಲಾಲಿಂಗ ಇಳಿಯುವ ಮುಂಚೆಯೇ ಆಚೆ ಕಡೆಯ ಬಾಗಿಲು ತೆಗೆದಳು. ಸೀಟಿನ ಮೇಲೆ ಕಾಗದದಲ್ಲಿ ಸುತ್ತಿದ ಡಜನ್ ಬಳೆ. ಒಂದೂ ಒಡೆದಿರಲಿಲ್ಲ.

"ಇವು ಯಾರಿಗಿ?"

ಅವನು ಸಿಕ್ಕಿಬಿದ್ದವನಂತೆ ಸ್ಟೇರಿಂಗ್ ಹಿಡಿದೇ ಕೂತ. ಕಿವಿಯವರೆಗೂ ಕೆಂಪಾದ.

"ಖರೆ ಹೇಳ್ರಿ. ಮಾನ್ವಿಗಿ ಹೋಗಿದ್ದೆ, ಎಲ್ಲಾ ಕೇಳ್ಕೊಂಡು ಬಂದೀನಿ. ಯಾರ ಕೈದು ಇವು?"

"ನಿಮ್ಮ ಕೈದು," ಎಂದ ಯಲ್ಲಾಲಿಂಗ. "ನಿಮಗ ಕೊಡಬೇಕಂತ ತರ್ತಿದ್ದೆರೀ. ಬಳಿ ಕೊಡೋದಂದ್ರ ಸಣ್ಣ ಮಾತಲ್ಲ, ತವರುಮನಿಯವ್ರು ಕೊಡಬೇಕು, ಇಲ್ಲಾ ಕೈ ಹಿಡಿಯಾಂವ ಕೊಡಬೇಕು. ನಾ ಯಾರು ಅಂತ ಕೊಡ್ಲಿ? ಮ್ಯಾಲ ನೀವು ಹೊಸಾದು ಮುಟ್ಟಂಗಿಲ್ಲ ಅಂದಿದ್ರಿ. ನಿಮ್ಮ ಓಣಿ ಬಂದ ಕೂಡ್ಲೇ ಧೈರ್ಯ ಹೋಗ್ತಿತ್ತು. ಇಲ್ಲೇ ಕುಂತು ಒಡದು... ತಂದು ಕೊಡ್ತಿದ್ದೆ."

"ನನ್ನ ಹೆಸರಲೆ ತಂದ ಬಳಿ ಒಡದೀರಿ? ಅಪಶಕುನ ಅನ್ನೋದರ ಗೊತ್ತದೇನು ನಿಮಗ?"

"ಗೊತ್ತದರೀ. ಒಡದಾಗೆಲ್ಲ ಜೀವ ಚುರ್ ಅಂತಿತ್ತು. ಆದ್ರ ನೀವು ಅದರ ಸರಾ ಹಾಕ್ಕೊಂಡು ಒಂದಿನ ಬಾಗ್ಲಾಗ ನಿಂತಿದ್ರಿ. ಅಷ್ಟಕ್ಕ ಸಮಾಧಾನ ಮಾಡ್ಕೊಂಡೆ."

ಕೇಳಲು ಚೆಂದವಾಗಿತ್ತು. ಅದಕ್ಕೇ ವಿಶಾಖಾ ನಂಬಲಿಲ್ಲ. ಚೆಂದದ ಮಾತು ಅವಳು ಹಿಂದೆಯೂ ಕೇಳಿದ್ದಳು. ಪೊಟ್ಟಣದಿಂದ ಒಂದು ಬಳೆ ತೆಗೆದು ಅವನ ಕಣ್ಣ ಮುಂದೆಯೇ ಕೈಗೆ ತೂರಿಸಿದಳು. ಬಳೆ ಹೆಬ್ಬೆರಳ ಬುಡಕ್ಕೆ ಬಂದು ಸಿಕ್ಕಿ ನಿಂತಿತು.

"ನೋಡ್ರಿ. ನನ್ನ ಕೈ ಟೂ ಎಯ್ಟ್. ನಮ್ಮವ್ವ ಗಂಡಸರ ಕೈ ಅಂತ ಚಾಷ್ಟಿ ಮಾಡ್ತಾಳ. ಇದು ನನ್ನ ಕೈದಲ್ಲ. ಇನ್ನೂ ಸುಳ್ಳು ಹೇಳ್ತೀರಾ?"

ಯಲ್ಲಾಲಿಂಗ ಬಳೆ ನೋಡಿದ, ಅವಳ ಕೈ ನೋಡಿದ. ಅವನ ಮುಖದ ಮೇಲಿದ್ದ ನಾಚಿಕೆಯೆಲ್ಲ ಇಳಿದು ಬರೀ ಕಂಗಾಲು ಉಳಿಯಿತು.

"ಹೆಂಗರೀ? ನಾ ಅಳತಿ ಹಿಡ್ದೇ ತಂದೀನಲ್ಲ!"

ಅಂಗಿಯ ಜೇಬಿನಿಂದ ಪಾಕೀಟು ತೆಗೆದು, ಅದರೊಳಗಿಂದ ಸುರುಳಿಯಾದ ತೆಳು ತಾಮ್ರದ ತಂತಿ ತೆಗೆದ. "ಕೆಟ್ಟ ಫ್ಯಾನಿನ ತಂತೀಲೆ ಕಡಗ ಮಾಡಾಕತ್ತಿದ್ರಿ. ಕೈಗಿ ಸುತ್ತಿ ಕತ್ತರಿಸಿದ್ರಿ, ಸರಿ ಬರಲಿಲ್ಲಂತ ಒಗದ್ರಿ. ನಾ ತಗೊಂಡೆ. ಇದನ್ನ ಅಲ್ಲಾಬಕ್ಷ್ ಅವರ ಬಳಿಗಿ ಹಿಡ್ದು ನೋಡೇ ತಂದೀನಿ."

ವಿಶಾಖಾ ತಂತಿಯನ್ನು ತೆಗೆದುಕೊಂಡಳು. ಅವಳು ಕತ್ತರಿಸಿದ್ದೇ, ಓರೆಯಾದ ತುದಿ ನೋಡಿದರೆ ಗೊತ್ತಾಗುತ್ತಿತ್ತು. ಮಣಿಕಟ್ಟಿಗೆ ಸುತ್ತಿದಳು. ಸ್ವಲ್ಪ ಸಡಿಲಾಗಿ ಕೂತಿತು.

"ಮಣಿಕಟ್ಟಿನ ಅಳತಿ ಹಿಡ್ದು ಬಳಿ ತಂದೀರಾ?"

"ಮತ್ತ?" ಎಂದ ಅವನು, ನಿಜವಾಗಿಯೂ ತಿಳಿಯದೆ. "ಬಳಿ ಇರೋದು ಅಲ್ಲೇ ಅಲ್ಲರೀ?"

ಅವಳು ಹೆಬ್ಬೆರಳ ಬುಡದಲ್ಲಿ ಸಿಕ್ಕಿದ್ದ ಬಳೆಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಬಳೆ ಅಲ್ಲೇ ಇರುತ್ತದೆ, ಸರಿ. ಆದರೆ ಅಲ್ಲಿಗೆ ಹೋಗುವ ಮೊದಲು ಬೆರಳ ಗೆಣ್ಣು ದಾಟಬೇಕು. ಅದಕ್ಕೇ ಬಳೆಯ ಅಳತೆಯನ್ನು ಮುಷ್ಟಿಗೆ ನೋಡುವುದು. ಹೆಂಡತಿ ಹಲ್ಲು ಕಚ್ಚಿಕೊಂಡು, ಸೋಪು ಹಚ್ಚಿಕೊಂಡು, ಅಯ್ಯೋ ಎನ್ನುತ್ತ ಬಳೆ ಇಡಿಸಿಕೊಳ್ಳುವುದನ್ನು ಒಂದೇ ಒಂದು ಸಲ ಪಕ್ಕದಲ್ಲಿ ಕೂತು ನೋಡಿದ ಗಂಡಸಿಗೂ ಇದು ಗೊತ್ತಿರುತ್ತದೆ.

ಪುಣೆಯವನಿಗೆ ಗೊತ್ತಿತ್ತು. ನಿಶ್ಚಯದ ದಿನ ಅವಳ ಕೈಯನ್ನು ಮುಷ್ಟಿ ಮಾಡಿಸಿ ಮೆಲ್ಲಗೆ ಒತ್ತಿ, "ಟೂ ಎಯ್ಟ್ ಅಲ್ಲೇನು?" ಎಂದಿದ್ದ. ಎಷ್ಟು ಜಾಣ, ಎಷ್ಟು ಪ್ರೀತಿ ಎಂದು ಅವಳು ಆವತ್ತು ಉಬ್ಬಿಹೋಗಿದ್ದಳು. ಆ ಜಾಣತನವನ್ನು ಅವನು ಎಲ್ಲಿ ಕಲಿತಿದ್ದ ಎಂಬುದು ಅವಳಿಗೆ ಈಗ, ಈ ಟಾಟಾ ಏಸ್ ಪಕ್ಕದಲ್ಲಿ ನಿಂತಾಗ ಹೊಳೆಯಿತು.

ಎದುರಿಗಿರುವ ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಯಾವ ಹೆಣ್ಣಿನ ಕೈಗೂ ಇವನು ಬಳೆ ಏರಿಸಿಲ್ಲ. ಇಷ್ಟು ವಾರ ಇಷ್ಟು ಡಜನ್ ತಪ್ಪು ಅಳತೆಯ ಬಳೆ ತಂದು, ಜೀವ ಚುರ್ ಎನ್ನಿಸಿಕೊಳ್ಳುತ್ತ ಒಡೆದಿದ್ದಾನೆ, ದಡ್ಡ.

ಅವಳಿಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಅಳಬ್ಯಾಡ್ರೀ," ಯಲ್ಲಾಲಿಂಗ ಗಾಬರಿಯಾಗಿ ಕೆಳಗಿಳಿದು ಬಂದ. "ಒಲ್ಲೆ ಅಂದ್ರ ಅಕ್ಕಗ ಬರಬ್ಯಾಡ ಅಂತ ಹೇಳ್ತೀನಿ. ಆದ್ರ ಸುಳ್ಳು ಅಂತ ಮಾತ್ರ ತಿಳ್ಕೋಬ್ಯಾಡ್ರಿ."

"ಕೈ ಕೊಡ್ರಿ ಇಲ್ಲಿ."

"ಆಂ?"

"ಕೈ ಕೊಡ್ರಿ ಅಂದೆ."

ಹೆಬ್ಬೆರಳನ್ನು ಒಳಗೆ ಮಡಿಚಿ, ಬೆರಳು ಕೂಡಿಸಿ ಅವಳು ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳುಗಳನ್ನು ತಾನೇ ತನ್ನ ಗೆಣ್ಣುಗಳ ಸುತ್ತ ಸೇರಿಸಿದಳು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು.

"ಹಿಂಗ ನೋಡ್ಬೇಕು ಬಳಿ ಅಳತಿ. ಗೊತ್ತಾಯ್ತಾ?"

"ಇಲ್ರೀ," ಎಂದ ಯಲ್ಲಾಲಿಂಗ. ಈ ಸಲ ಚಪ್ಪಲಿ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ. "ಇನ್ನೂ ಗೊತ್ತಾಗಿಲ್ಲ."

ಒಳಗಿನಿಂದ ಯಮನಮ್ಮ ಕೂಗಿದಳು. "ಏನ್ ಬೇ ಅದು, ಓಣ್ಯಾಗ ನಿಂತು ಜಗಳ? ಆಯ್ತವಾರ ಅವ್ರು ಬರಾದೈತೋ ಇಲ್ಲೋ?"

"ಬರಾಕ ಹೇಳವ್ವಾ," ಎಂದು ವಿಶಾಖಾ ಕೂಗಿ ಹೇಳಿದಳು. "ಅಳತಿ ತಗೊಳ್ಳಾಕತ್ತಾರ, ತಡಿ."