ವಾಪಸ್ ಬಂದ ಹಾಡು

ನಮ್ಮ ಸಿನಿಮಾವನ್ನು ಚೀನಾಕ್ಕೆ ಕೊಳ್ಳಬೇಕಿದ್ದ ಪುಣ್ಯಾತ್ಮ ಯಾರೆಂದು ನನಗೆ ಗೊತ್ತಿಲ್ಲ. ಅವನು ಕೈಕೊಟ್ಟದ್ದಕ್ಕೆ ಮಾತ್ರ ನಾನು ಸಾಯುವತನಕ ಋಣಿ.

ದೊಡ್ಡನೆಕ್ಕುಂದಿಯ ಸ್ಟುಡಿಯೋದಲ್ಲಿ ಎಡಿಟರ್ ನಾನು, ಹೆಸರು ಸ್ಪೂರ್ತಿ. ದಾವಣಗೆರೆಯ ವೀರೇಶ್ ಸಬ್‌ಟೈಟಲ್ ಬರೆಯುವವನು. ಮೂರು ಗಂಟೆಯ ದೊಡ್ಡ ಬಜೆಟ್ ಸಿನಿಮಾವನ್ನು ಫಾರಿನ್‌ಗೆಂದು ಎರಡು ಗಂಟೆಗೆ ಇಳಿಸುವುದು ನಮ್ಮ ಕೆಲಸ. ಹಾಡು ಬೇಡ, ಫೈಟ್ ಇರಲಿ ಎಂದು ಚೀನಾದಿಂದ ಮೇಲ್ ಬಂತು. ನಾನು ಜೀವ ತೇಯ್ದು ಜೋಡಿಸಿದ್ದ ರಾಗಿ ಹೊಲದ ಹಾಡಿಗೇ ಕತ್ತರಿ ಬಿತ್ತು.

"ಬೇಜಾರಾತಾ ಮೇಡಂ?" ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದ ವೀರೇಶ್ ಕೇಳಿದ.

"ಹೊಟ್ಟೆ ಉರಿಯಲ್ವೇನ್ರೀ?"

ಅವನು ನನ್ನನ್ನೇ ನೋಡಿದ. ನಾನು ತಿರುಗಿದ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದ. ಎಂಟು ತಿಂಗಳಿಂದ ಇದೇ ಕಥೆ. ನಾನು ನೋಡಿದರೆ ಸಾಕು, ಆ ಕನ್ನಡಕಕ್ಕೆ ಧೂಳು ಹಿಡಿಯುತ್ತಿತ್ತು.

ಸಬ್‌ಟೈಟಲ್ ಸಾಲು ಎಷ್ಟು ಹೊತ್ತು ಪರದೆಯ ಮೇಲೆ ನಿಲ್ಲಬೇಕೆಂದು ಅಳೆಯಲು ಅವನು ಮೊದಲು ಬಾಯಿಗೆ ಬಂದದ್ದನ್ನು ಕನ್ನಡದಲ್ಲಿ ಟೈಪ್ ಮಾಡಿ, ಆಮೇಲೆ ಅಸಲಿ ಸಾಲು ತುಂಬುತ್ತಿದ್ದ. ಹಾಡೇ ಹೋದ ಮೇಲೆ ತುಂಬುವುದೇನು, ಅದರಡಿ ಟೈಪ್ ಮಾಡಿದ್ದನ್ನು ಹಾಗೇ ಬಿಟ್ಟ.

ಕಳೆದ ತಿಂಗಳು ಚೀನಾದವರು ಹಿಂದೆ ಸರಿದರು. ನಿರ್ಮಾಪಕ ಶಿವಶಂಕರ್ ಎಲ್ಲರನ್ನೂ ಕರೆದರು. "ಮೊದ್ಲು ನಮ್ ಜನ ನೋಡ್ಲಿ. ಹಾಡು ವಾಪಸ್ ಹಾಕಮ್ಮ. ಎಲ್ಲಾ ಕಡೆಗೂ ಒಂದೇ ಸಿನಿಮಾ."

ನನ್ನ ಖುಷಿ ಒಂದು ಟೀ ಮುಗಿಯುವವರೆಗೂ ಉಳಿಯಲಿಲ್ಲ. ಫಾರಿನ್ ಟೀಮಿಗೆ ಆ ಶುಕ್ರವಾರವೇ ಕೆಲಸದ ಕೊನೆಯ ದಿನವಂತೆ. ಹೊರಡುವವರ ಪಟ್ಟಿಯಲ್ಲಿ ವೀರೇಶನ ಹೆಸರೂ ಇತ್ತು.

ಗುರುವಾರ ಸಂಜೆ ಬೇಕರಿ ಮುಂದೆ ಕೇಳಿಯೇಬಿಟ್ಟೆ. "ಹೊರಟ್ರಂತೆ?"

"ಹೂಂ ಮೇಡಂ. ಹೈದರಾಬಾದ್‌ನಾಗ ಒಂದ್ ಕೆಲಸ ಐತಿ."

"ನನಗೇನೂ ಹೇಳೋದಿಲ್ವಾ?"

ಅವನು ಕೈಯಲ್ಲಿದ್ದ ಬನ್ನು ಕಚ್ಚಿದ. "ಬನ್ನು ಚೆನ್ನಾಗೈತಿ ಮೇಡಂ."

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಶುಕ್ರವಾರ ಬೆಳಿಗ್ಗೆ ಶಿವಶಂಕರ್ ಸಿನಿಮಾ ನೋಡಲು ಕೂತರು. ಹಿಂದಿನ ಸಾಲಿನಲ್ಲಿ ನಾನು, ವೀರೇಶ್. ಹಾಡನ್ನು ಅದರ ಹಳೆಯ ಸಬ್‌ಟೈಟಲ್ ಸಮೇತ, ತೆರೆದೂ ನೋಡದೆ ನಾನು ಸೇರಿಸಿದ್ದೆ. ರಾಗಿ ಹೊಲ ಬಂತು. ಅದರ ಕೆಳಗೆ ಒಂದೊಂದೇ ಸಾಲು ಮೂಡಿತು.

'ಹೆಂಗೂ ಈ ಹಾಡು ಯಾರೂ ನೋಡಲ್ಲ.'

'ಕಟ್ ಮಾಡಿದೋರು ಪಕ್ಕದಾಗೇ ಕೂತಾರ. ಅಳು ನುಂಗಿ ನಗ್ತಾರ.'

'ಇವರ ಕೂಡ ಜೀವಮಾನ ಇರಬೇಕು ಅನಿಸ್ತೈತಿ. ಹೇಳಾಕ ಧೈರ್ಯ ಇಲ್ಲ.'

ವೀರೇಶ್ ಸೀಟಿನಲ್ಲಿ ಕುಗ್ಗಿ ಹೋದ. ಶಿವಶಂಕರ್ ಹಿಂತಿರುಗಿ, "ಯಾರಪ್ಪ ಈ ಕವಿ?" ಎಂದರು.

"ಎರಡು ನಿಮಿಷ ಕೊಡಿ ಸಾರ್, ಸರಿ ಮಾಡ್ತೀನಿ," ಎಂದು ನಾನು ಎದ್ದೆ. ಒಂದಕ್ಷರವನ್ನೂ ಅಳಿಸದೆ, ಕೊನೆಯಲ್ಲಿ ಒಂದು ಸಾಲು ಸೇರಿಸಿ ಮತ್ತೆ ಹಾಡು ಹಾಕಿದೆ.

'ಹೈದರಾಬಾದ್ ಬೇಡ. ಭಾನುವಾರ ಮನೆಗೆ ಬಂದು ಅಪ್ಪನ್ನ ಕೇಳಿ.'

ವೀರೇಶ್ ಕನ್ನಡಕ ತೆಗೆದ. ಈ ಸಲ ಒರೆಸಿದ್ದು ಕಣ್ಣು. "ಬರ್ತೀನಿ ಮೇಡಂ," ಎಂದ.

"ಮೇಡಂ ಅಲ್ಲ, ಸ್ಪೂರ್ತಿ."

"ವಾಪಸ್ ಬಂದ ಹಾಡಿಗೆ ಅಸಲಿ ಸಾಲು ಬರೆಯೋರು ಬೇಕಲ್ಲಪ್ಪ," ಎಂದರು ಶಿವಶಂಕರ್. "ಎಲ್ಲಿಗ್ ಹೋಗ್ತೀಯಾ, ಕೂತ್ಕೊ."

ನಮ್ಮ ಮದುವೆಯ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟೆವು. ಎರಡನೆಯದನ್ನು ಚೀನಾದ ಆ ಪುಣ್ಯಾತ್ಮನಿಗೆಂದು ಎತ್ತಿಟ್ಟಿದ್ದೇನೆ. ವಿಳಾಸ ಸಿಕ್ಕ ದಿನ ಕಳಿಸುತ್ತೇನೆ.