ಕಪ್ಪು ಚಿತ್ರದ ಮುಂದೆ ತಂಗಿದವನು

ಪರದೆಯ ಮೇಲೆ ಪರೀಕ್ಷೆಯ ಫಲಿತಾಂಶ ತೋರಿಸುವ ಗೆರೆಗಳನ್ನು ಸಮೃದ್ಧಿ ಮತ್ತೊಮ್ಮೆ ನೋಡಿದಳು. ಅವು ಅಮರನ ಗೆರೆಗಳು. ಬರುವ ರವಿವಾರ ಅವನ ಮನೆಯವರು ಮದುವೆಯ ನಿಶ್ಚಯಕ್ಕೆಂದು ಖಾನಾಪುರದಿಂದ ಶಿವಬಸವ ನಗರದ ಅವಳ ಮನೆಗೆ ಬರುವವರಿದ್ದರು.

ಬೆಳಗಾವಿಯಲ್ಲಿ ಅವಳದು ಕೈದಿಗಳ ಮನಸ್ಸು ಪರೀಕ್ಷಿಸುವ ಕೆಲಸ. ಹೆಂಗಸರ ಮೇಲೆ ಎರಗಿದವನನ್ನು 'ಹಿಂಸೆಯಲ್ಲಿ ನಿನಗೆ ಸುಖವೇ?' ಎಂದು ಕೇಳಿದರೆ ಹೌದೆಂದಾನೇ? ಅದಕ್ಕೇ ಸುತ್ತುದಾರಿ. ಚಿತ್ರ ತೋರಿಸಿ, ಎಷ್ಟು ಹಿಡಿಸಿತೆಂದು ಗುಂಡಿ ಒತ್ತಿಸಿ ಅಂಕ ಕೊಡಿಸುತ್ತಾರೆ; ಒತ್ತಿದರೆ ಮುಂದಿನ ಚಿತ್ರ. ಅಂಕ ಬರೀ ನೆಪ. ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ತಂಗಿದ ಎಂಬುದನ್ನು ಕಂಪ್ಯೂಟರ್ ಗುಟ್ಟಾಗಿ ಅಳೆಯುತ್ತದೆ. ಹೋಲಿಕೆಗೆ ಅಪರಾಧ ಮಾಡದ ಗಂಡಸರೂ ಬೇಕು. ಬ್ಯಾಂಕ್ ನೌಕರ ಅಮರ ತಾನಾಗಿ ಬಂದು ಕುಳಿತಿದ್ದ.

ಹೂವು, ಹೊಳೆ, ನಗುವ ಹೆಂಗಸು, ಎಲ್ಲವನ್ನೂ ಸರಸರ ದಾಟಿದವನು ಕತ್ತಲಲ್ಲಿ ಹೆಂಗಸೊಬ್ಬಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ ಚಿತ್ರಗಳ ಮುಂದೆ ತಂಗಿದ್ದ. ಪ್ರತಿ ಸಲವೂ.

ಅವಳಪ್ಪ ಗುರುಪುತ್ರಪ್ಪನ ಕೆಮ್ಮನ್ನು ಗುರುಪುತ್ರಪ್ಪನಿಗಿಂತ ಚೆನ್ನಾಗಿ ಕೆಮ್ಮುವ ಅಮರನ ಅಣಕಕ್ಕೆ ಅವಳು ಮನಸೋತಿದ್ದಳು. ಈಗ ಅದೇ ಅಂಜಿಸಿತು. ಇಷ್ಟು ವೇಷ ಬಲ್ಲವನ ಒಳಗೆ ಇರುವವನು ಯಾರು? ಒಂದೇ ಪರೀಕ್ಷೆಯಿಂದ ಯಾರನ್ನೂ ತೀರ್ಮಾನಿಸಬಾರದು ಎಂಬ ತರಬೇತಿ ಅವಳ ತಲೆಗೆ ಆಗಿತ್ತು, ಎದೆಗೆ ಆಗಿರಲಿಲ್ಲ.

ಸಂಜೆ ಅವನು ಪರೀಕ್ಷೆಯ ಕೋಣೆಗೆ ಬಂದಾಗ ಬಾಗಿಲು ತೆರೆದೇ ಇಟ್ಟು, ನಡುವೆ ಮೇಜು ಇರುವಂತೆ ನಿಂತಳು. ಅವನು ಕಂಡಕ್ಟರನ ದನಿ ತೆಗೆದು ಖಾನಾಪುರಕ್ಕೆ ಪ್ರಯಾಣಿಕರನ್ನು ಕೂಗಿದ. ಅವಳು ನಗಲಿಲ್ಲ.

"ಕತ್ತಲಿ ಚಿತ್ರ ಬಂದಾಗೆಲ್ಲಾ ಯಾಕ ತಡಾ ಮಾಡಿದ್ರಿ?"

ಅವನ ಕಿವಿ ಕೆಂಪಾದವು. ಆ ನಾಚಿಕೆ ಕಂಡು ಅವಳ ಜೀವ ಹಾರಿತು.

"ಸಿಟ್ಟಾಗಬ್ಯಾಡ್ರಿ. ಖರೇ ಅಂದ್ರ, ಚಿತ್ರ ನಾ ನೋಡ್ಲೇ ಇಲ್ಲ. ನೀವು ಬೆನ್ನ ಹಿಂದ ಕುಂತಿದ್ರಿ. ಪರದೆ ಕಪ್ಪಾದಾಗಷ್ಟ ಅದರಾಗ ನಿಮ್ಮ ಮಾರಿ ಕಾಣತಿತ್ತು."

ತಮ್ಮ ಮುಖಭಾವ ಉತ್ತರವನ್ನು ಕೆಡಿಸಬಾರದೆಂದು ಪರೀಕ್ಷಕರು ಹಿಂದೆ ಕೂರುವುದು ಅಲ್ಲಿನ ರೂಢಿ. ಆದರೆ ಇದಕ್ಕಿಂತ ಸಿಹಿಯಾದ ನೆಪಗಳನ್ನು ಕೈದಿಗಳ ಬಾಯಲ್ಲಿ ಕೇಳಿದ್ದಳು.

"ನಾ ಕುಂತಿದ್ದಲ್ಲೇ ಹಿಂದ ನಿಂದರ್ರಿ" ಎಂದು ಅವನು ಕುಳಿತಿದ್ದ ಕುರ್ಚಿಯಲ್ಲಿ ತಾನೇ ಕುಳಿತಳು. ಬೆನ್ನಿಗೆ ಅವನು. ಗುಂಡಿ ಒತ್ತುತ್ತ ಚಿತ್ರಗಳನ್ನು ದಾಟಿದಳು. ಹೂವಿನಲ್ಲಿ ಹೂವಷ್ಟೇ ಇತ್ತು, ಹೊಳೆಯಲ್ಲಿ ಹೊಳೆಯಷ್ಟೇ.

ಕತ್ತಲಿನ ಚಿತ್ರ ಬಂತು. ಗಾಜಿನಲ್ಲಿ ಅಮರನ ಮುಖ ತೇಲಿತು. ಅವಳಿಗಿಂತ ಹೆಚ್ಚು ಹೆದರಿದ್ದ. ಅವನ ಕಣ್ಣು ಚಿತ್ರದ ಮೇಲಿರಲಿಲ್ಲ, ಅವಳ ಪ್ರತಿಬಿಂಬದ ಮೇಲಿತ್ತು. ಅವಳು ನೋಡುತ್ತ ಉಳಿದಳು.

"ಇದು ಟೈಮ್ ಅಳೀತೈತೇನ್ರಿ?" ಎಂದ ಮೆಲ್ಲಗೆ.

"ಅಳೀಲಿ ಬಿಡ್ರಿ" ಎಂದಳು, ಗುಂಡಿ ಒತ್ತದೆ.