ನಿಡುಗಲ್ಲಿನ ಹೊಂಬಣ್ಣದ ವೈನ್

"ಇದನ್ನ ಮಾರ್ಬೇಡಿ!"

ಅಷ್ಟೇ ಹೇಳಿ ಅವನು ಗ್ಲಾಸನ್ನು ಮೇಜಿನ ಮೇಲಿಟ್ಟ.

ಗಂಗಾಂಬಿಕಾಳ ಎದೆ ಧಸಕ್ಕೆಂದಿತು. ನಿಡುಗಲ್ ಬೆಟ್ಟದ ತಪ್ಪಲಿನ ಆ ಕಲ್ಲಿನ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತ ಪೀಪಾಯಿಗಳತ್ತ ಅವಳ ಕಣ್ಣು ಹೋಯಿತು.

ಹತ್ತು ವರ್ಷದಿಂದ ಅವಳು ಕಾಪಾಡಿಕೊಂಡು ಬಂದ ವೈನ್ ಅದು. ೨೦೧೪ರ ಸುಗ್ಗಿಯದು. ಬಳ್ಳಿಯಲ್ಲೇ ಬಾಡಿದ ದ್ರಾಕ್ಷಿಯನ್ನು ಕೊಯ್ದು, ಬಂಡೆಯ ನೆರಳಲ್ಲಿ ಚಾಪೆ ಹಾಸಿ ಒಣಗಿಸಿ, ಹಿಂಡಿದಾಗ ಸಿಕ್ಕಿದ್ದು ಜೇನಿನಂಥ ಒಂದಿಷ್ಟು ರಸ. ಊಟವಾದ ಮೇಲೆ ಸಿಹಿತಿಂಡಿಯ ಹಾಗೆ ಸಣ್ಣ ಗ್ಲಾಸಿನಲ್ಲಿ ಗುಟುಕು ಗುಟುಕಾಗಿ ಸವಿಯುವ ವೈನ್. ಓಕ್ ಮರದ ಪೀಪಾಯಿಗಳಲ್ಲಿ ಮಾಗಿ ಅದೀಗ ಹೊಂಬಣ್ಣಕ್ಕೆ ತಿರುಗಿತ್ತು.

ಅದನ್ನು ಪೂರ್ತಿ ಕೊಳ್ಳಲೆಂದೇ ವ್ಯಾಪಾರಿ ನಾಗಭೂಷಣ್ ಬಂದಿದ್ದರು. ರುಚಿ ನೋಡಿ ಹೇಳಲು ತಮ್ಮ ಕಂಪನಿಯ ಅಂಜನ್ ಕುಮಾರ್‌ನನ್ನು ಕರೆತಂದಿದ್ದರು. ಈಗ ಅವನೇ...

"ಅಂದ್ರೆ... ಚೆನ್ನಾಗಿಲ್ವಾ?" ಗಂಗಾಂಬಿಕಾ ಅವನ ಕಣ್ಣನ್ನೇ ನೋಡುತ್ತಾ ಕೇಳಿದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ನಾಗಭೂಷಣ್ ಧಡಕ್ಕನೆ ಎದ್ದರು. ಮುಖ ಕೆಂಪಾಗಿತ್ತು.

"ಅಂಜನ್, ನಡಿ ಕಾರಿಗೆ!"

ಬಾಗಿಲಲ್ಲಿ ಅವನೊಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಇದ್ದದ್ದೇನು? ಕನಿಕರವಾ? ಗಂಗಾಂಬಿಕಾಳಿಗೆ ತಿಳಿಯಲಿಲ್ಲ. ಉರಿ ಮಾತ್ರ ಹತ್ತಿತು!

"ಏನಂದ್ರವ್ವಾ? ಯಾಕೆ ಇಂಗೆ ಎದ್ದೋಗ್ಬುಟ್ರು?" ಅಮ್ಮ ಚಿಕ್ಕಹನುಮಕ್ಕ ಮೆಟ್ಟಿಲಿಳಿದು ಬಂದಳು.

ಗಂಗಾಂಬಿಕಾ ಪೀಪಾಯಿಯ ಬಳಿ ಹೋದಳು. ಇನ್ನೊಂದು ಗ್ಲಾಸಿಗೆ ತುಸುವೇ ಸುರಿದು ಬೆಳಕಿಗೆ ಹಿಡಿದಳು. ಮೂಸಿದಳು. ಗುಟುಕೊಂದನ್ನು ನಾಲಿಗೆಯ ಮೇಲೆ ಹರಿಯಬಿಟ್ಟಳು. ಒಣ ಜರ್ದಾಳು ಹಣ್ಣು... ಕಿತ್ತಳೆ ಸಿಪ್ಪೆ... ಕಾಡುಜೇನು. ಕಡೆಗೆ, ಹುಣಸೆ ಚಿಗುರಿನಂಥ ತೆಳು ಹುಳಿ. ಆ ಹುಳಿ ಸಿಹಿಯನ್ನು ಮುಖ ಕಟ್ಟಲು ಬಿಡದೆ ಎತ್ತಿ ಹಿಡಿದಿತ್ತು. ನುಂಗಿದ ಮೇಲೂ ಬಹಳ ಹೊತ್ತು ಪರಿಮಳ ಬಾಯಲ್ಲೇ ನಿಂತಿತು.

"ಅಮ್ಮಾ, ತಪ್ಪು ವೈನಿಂದಲ್ಲ. ಆ ಮನುಷ್ಯನ ನಾಲಿಗೇದು!"

"ಅಂಗನ್ನು ಮತ್ತೆ! ನಿನ್ ಕೈ ಕೆಲ್ಸ ಕೆಡಾಕಿಲ್ಲ ಕಣಮ್ಮ."

ಮರುದಿನ ಅಂಜನ್ ಫೋನ್ ಮಾಡಿದ.

"ಮೇಡಂ, ನಿನ್ನೆ ನಾನ್ ಹೇಳಿದ್ದು—"

"ನೀವು ಹೇಳಿದ್ದು ನನಗೆ ಕೇಳಿಸ್ತು. ಸಾಕು!"

ಕಟ್ ಮಾಡಿದಳು. 'ಎಷ್ಟು ಸೊಕ್ಕು!' ಎಂದುಕೊಂಡಳು. ಆದರೂ ಆ ನೋಟ... ಯಾಕೋ ಮನಸ್ಸಿನಿಂದ ಹೋಗಲೊಲ್ಲದು.

ಕೆಲವು ದಿನಗಳಲ್ಲಿ ನಾಗಭೂಷಣ್ ಒಬ್ಬರೇ ಮತ್ತೆ ಬಂದರು. ಈ ಸಲ ಬೆಲೆ ಏರಿಸಿದ್ದರು.

'ಓಹೋ! ಅವನ ಕೈಲಿ ಹೀಗಳೆಸಿ, ಈಗ ಉಪಕಾರ ಮಾಡೋ ಹಾಗೆ ಬಂದಿದ್ದಾರೆ!' ಗಂಗಾಂಬಿಕಾ ಒಳಗೊಳಗೇ ನಕ್ಕಳು.

"ತಗೊಂಡು ಏನ್ ಮಾಡ್ತೀರಿ ಸಾರ್?"

"ಮಾಡೋದೇನು? ನಮ್ಮ ಹೊಸ ವೈನಿಗೆ ಇದನ್ನ ಸ್ವಲ್ಪ ಸ್ವಲ್ಪ ಬೆರೆಸಿ, ಹತ್ತು ವರ್ಷದ್ದು ಅಂತ ಚೀಟಿ ಅಂಟಿಸೋದು. ಯಾರಿಗ್ ಗೊತ್ತಾಗುತ್ತೆ? ಆ ಅಂಜನ್‌ಗೆ ಮೊದಲೇ ಹೇಳಿದ್ದೆ, ಸಾಧಾರಣವಾಗಿದೆ ಅನ್ನು, ಸಾಕು ಅಂತ. ನನ್ನ ಸಂಬಳ ತಿಂದು, ನನ್ನೆದುರೇ ಮಾರ್ಬೇಡಿ ಅಂತಾನೆ! ಆವತ್ತೇ ಕೆಲಸದಿಂದ ತೆಗೆದೆ."

ಗಂಗಾಂಬಿಕಾಳಿಗೆ ಈಗ ಅರ್ಥವಾಯಿತು. ಅವನು ವೈನನ್ನು ಹಳಿದಿರಲಿಲ್ಲ... ಕಾಪಾಡಿದ್ದ! ತನ್ನ ಕೆಲಸ ಕಳೆದುಕೊಂಡು!

ಅವಳು ಬಾಗಿಲತ್ತ ಕೈ ತೋರಿಸಿದಳು.

"ಒಂದು ತೊಟ್ಟೂ ಕೊಡಲ್ಲ ಸಾರ್. ದಾರಿ ಗೊತ್ತಿದೆಯಲ್ಲ?"

ಆ ಮಧ್ಯಾಹ್ನವೇ ಅಂಜನ್‌ನ ಊರು ವಿಚಾರಿಸಿ, ಜೀಪು ತೆಗೆದುಕೊಂಡು ಮಧುಗಿರಿ ಕಡೆ ಹೊರಟಳು. ದೊಡ್ಡೇರಿಯಲ್ಲಿ ಅವನು ಅಕ್ಕನ ಮನೆಯ ಜಗಲಿಯಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ ಎದ್ದು ನಿಂತ.

"ಯಾಕ್ ಹೇಳ್ಲಿಲ್ಲ ನನಗೆ?"

"ಫೋನ್ ಮಾಡ್ದೆ... ನೀವು ಕಟ್ ಮಾಡಿದ್ರಿ."

"ಮತ್ತೆ ಮಾಡ್ಬೇಕಿತ್ತು!"

"ನಿಮ್ ದನಿ ಕೇಳಿ ಭಯ ಆಯ್ತು ಕಣ್ರೀ!"

ಇಬ್ಬರೂ ನಕ್ಕುಬಿಟ್ಟರು. ಆಮೇಲೆ ಅವಳು ಗಂಭೀರಳಾದಳು.

"ಕ್ಷಮಿಸಿ ಅಂಜನ್. ನಿಮ್ಮನ್ನ ತಪ್ಪು ತಿಳ್ಕೊಂಡೆ."

"ಅದನ್ನ ಬುಡಿ. ಆ ವೈನಲ್ಲಿ ಸಿಹಿ ಮಾತ್ರ ಇದ್ದಿದ್ರೆ ನಾನೇ ಮಾರಿ ಅಂತಿದ್ದೆ. ಹುಳಿ ಗಟ್ಟಿಯಾಗಿದೆ. ಅಂಥಾದ್ದು ಇನ್ನೂ ಹತ್ತಿಪ್ಪತ್ತು ವರ್ಷ ಬೆಳೆಯುತ್ತೆ. ಬೆಲೇನೂ ಅದರ ಜೊತೆಗೇ!"

"ಆದ್ರೆ ಹೊಸ ಪೀಪಾಯಿ ತರ್ಬೇಕು, ಕೊಯ್ಲು ಮುಂದಿದೆ. ಮಾರ್ದೆ ಇದ್ರೆ ಹೆಂಗೆ?"

"ಮಾರಿ, ಆದ್ರೆ ಕಳಿಸ್ಬೇಡಿ. ಹಳೇ ವೈನ್ ಕೂಡಿಡೋ ಜನ ಇದ್ದಾರೆ. ಅವರು ಈಗ ಕೊಳ್ಳಲಿ, ವೈನ್ ನಿಮ್ಮ ನೆಲಮಾಳಿಗೇಲೇ ಮಾಗಲಿ. ಮೊದಲನೇ ಪೀಪಾಯಿ ನಂದು. ನನ್ನ ಉಳಿತಾಯ ಹಾಕ್ತೀನಿ."

"ಕೆಲಸ ಇಲ್ಲದೋರು... ದುಡ್ಡು ಮುಳುಗಿ ಹೋದ್ರೆ?"

"ಮುಳುಗಲ್ಲ. ರುಚಿ ನೋಡಿದೀನಲ್ಲ!"

ಎಂಥ ಭರವಸೆ! ಗಂಗಾಂಬಿಕಾಳಿಗೆ ಅವನ ಮಾತಿನಲ್ಲಿ ತನ್ನದೇ ದನಿ ಕೇಳಿಸಿದಂತಾಯಿತು.

ಆ ಚಳಿಗಾಲವೆಲ್ಲ ಅಂಜನ್ ನಿಡುಗಲ್ಲಿಗೆ ಬಂದು ಹೋಗುತ್ತಿದ್ದ. ವೈನ್ ಕೂಡಿಡುವವರನ್ನು ಕರೆತಂದ. ಬಂದವರಿಗೆ ಗಂಗಾಂಬಿಕಾ ತಾನೇ ನಿಂತು ಹೇಳಿಕೊಡುತ್ತಿದ್ದಳು. ಐಸ್ ಹಾಕಬಾರದು, ಹೂಜಿ ನೀರಿನಷ್ಟು ತಂಪು ಸಾಕು, ಅವಸರ ಬೇಡ. ಜೊತೆಗೆ ಚಿಕ್ಕಹನುಮಕ್ಕನ ಕಡಲೇಕಾಯಿ ಚಿಕ್ಕಿ! ಸಿರಾದಿಂದ ಬಂದಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ ಗುಟುಕರಿಸಿ, "ವಾಹ್... ಕ್ಯಾ ಬಾತ್ ಹೈ, ಬೇಟಿ!" ಎಂದು ಅಲ್ಲೇ ಒಂದು ಪೀಪಾಯಿಯನ್ನು ತಮ್ಮ ಹೆಸರಿಗೆ ಮಾಡಿಕೊಂಡರು.

ಅರ್ಧ ಪೀಪಾಯಿಗಳಿಗೆ ಒಡೆಯರು ಸಿಕ್ಕರು. ಉಳಿದರ್ಧ ಅವಳದೇ. ಕೊಯ್ಲಿಗೆ ಬೇಕಾದ ಹಣ ಕೈಗೆ ಬಂತು.

ಆ ಹಣ ಬಂದ ಸಂಜೆಯೇ ಅಂಜನ್ ಮೆಲ್ಲಗೆ ಹೇಳಿದ.

"ನಾಸಿಕ್‌ನಿಂದ ಕೆಲಸಕ್ಕೆ ಕರೆ ಬಂದಿದೆ. ಸೋಮವಾರ ಹೊರಡ್ಬೇಕು."

ಗಂಗಾಂಬಿಕಾ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು. 'ಇವನಿಲ್ಲದೆ ಈ ನೆಲಮಾಳಿಗೆ... ಈ ಸಂಜೆ... ಊಹೂಂ!'

"ನಿಮಗೆ ಹೋಗೋ ಮನಸ್ಸಿದೆಯಾ?"

"ಇಲ್ಲ. ಆದ್ರೆ ಇಲ್ಲಿರೋಕೆ ನನಗೆ ಕಾರಣ ಏನಿದೆ?"

ಅವಳು ನೇರವಾಗಿ ಅವನ ಎದುರು ಬಂದು ನಿಂತಳು.

"ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನನಗೆ ನೀವು ಇಷ್ಟ, ಅಂಜನ್. ಈ ಕೆಲಸದಲ್ಲಿ ಜೊತೆಗಿರಿ. ಬದುಕಲ್ಲೂ ಇರಿ. ಸಾಕಾ ಕಾರಣ?"

ಅವನ ಕಣ್ಣು ತುಂಬಿ ಬಂತು.

"ಬಾಗಿಲಲ್ಲಿ ತಿರುಗಿ ನೋಡಿದ್ನಲ್ಲ... ಆವತ್ತಿಂದ ಇದನ್ನ ಹೇಳೋಕೆ ಒದ್ದಾಡ್ತಾ ಇದ್ದೆ. ನೀವು ಒಂದೇ ಉಸಿರಲ್ಲಿ ಹೇಳ್ಬುಟ್ರಿ!"

ಅವಳ ಬೆರಳು ಅವನ ಬೆರಳೊಳಗೆ ತಾನಾಗಿ ಸೇರಿಕೊಂಡಿತು. ಮೇಲಿಂದ ಚಿಕ್ಕಹನುಮಕ್ಕ ಊಟಕ್ಕೆ ಕೂಗುತ್ತಿದ್ದಳು. ಇಬ್ಬರೂ ಕದಲಲಿಲ್ಲ.

"ಅಂಜನ್, ನಿಮ್ಮ ಆ ಮೊದಲನೇ ಪೀಪಾಯಿ ಯಾವಾಗ ತೆಗೆಯೋಣ?"

"ನಮ್ಮ ಮಗಳ ಮದುವೆಗೆ."

"ಅಯ್ಯೋ! ಇನ್ನೂ ನಮ್ಮ ಮದುವೇನೇ ಆಗಿಲ್ಲ..."

"ವೈನ್ ಕಾಯುತ್ತೆ ಗಂಗಾ. ಮದುವೆ ಮಾತ್ರ ಬೇಗ ಮಾಡ್ಕೊಳ್ಳೋಣ!"